ಗಂಟಲ ಹಲಗೆ

ಹನ್ನೊಂದಕ್ಕೆ ಬರುತ್ತೇನೆಂದು ಬರೆದಿದ್ದ ಹುಡುಗಿ ಹತ್ತಕ್ಕೇ ಬಂದು ಮೇಲೆ ಕೂತಿದ್ದಾಳೆ ಎಂದು ಮ್ಯೂಸಿಯಮ್ಮಿನ ಕಾವಲುಗಾರ ಗೇಟಿನಲ್ಲೇ ಹೇಳಿದಾಗ, ಅವನಿಗೆ ಮೊದಲು ಹೊಳೆದದ್ದು ಹಾಗೇ ಹಿಂದಕ್ಕೆ ತಿರುಗಿ ಮನೆಗೆ ಹೋಗಿಬಿಡಬಹುದಲ್ಲ ಎಂಬುದು. ತಲೆನೋವು ಅನ್ನಬಹುದು. ನಿವೃತ್ತಿಗೆ ನಾಲ್ಕು ತಿಂಗಳಿರುವವನಿಗೆ ತಲೆನೋವು ಬರಬಾರದೆಂದು ಯಾವ ಕಾನೂನಿದೆ? ಆದರೆ ಕಾವಲುಗಾರ ಅವನ ಎದೆಯನ್ನೇ ನೋಡುತ್ತಿದ್ದ. ಬಗ್ಗಿ ನೋಡಿಕೊಂಡರೆ ಶರ್ಟಿನ ಎರಡನೆಯ ಗುಂಡಿ ಮೂರನೆಯ ತೂತಿನಲ್ಲಿ. ಬೆಳಿಗ್ಗೆ ಹೆಂಡತಿ ಆ ಗುಂಡಿ ಹೊಲಿದುಕೊಟ್ಟಿದ್ದಳು. ಸೂಜಿಗೆ ದಾರ ಪೋಣಿಸಲು ಕಣ್ಣು ಹಿಡಿಯದೆ, "ತಗೊಳ್ಳಿ, ಇದಕ್ಕೆಲ್ಲ ನಿಮ್ಮ ಎಡಗೈಯೇ ಸರಿ," ಎಂದು ಅವನ ಮುಂದೆ ಹಿಡಿದಿದ್ದಳು. ಅವನು ಒಂದೇ ಸಲಕ್ಕೆ ಪೋಣಿಸಿದ್ದ. "ಮಾರ್ಕೆಟ್ಟಿಂದ ಮೀನು ತನ್ನಿ ಅಂದ್ರೆ ಮರೆತು ಕೈಬೀಸ್ಕೊಂಡು ಬರ್ತೀರಿ. ಕಲ್ಲಲ್ಲಿರೋ ಮೀನು ನೋಡೋಕೆ ಯಾರೋ ಬರ್ತಾರೆ ಅಂದ್ರೆ ಇಸ್ತ್ರಿ ಶರ್ಟು, ಹೊಸ ಗುಂಡಿ!" ಎಂದು ಅವಳು ನಕ್ಕಾಗ ಅವನೂ ನಕ್ಕಿದ್ದ, ಸ್ವಲ್ಪ ತಡವಾಗಿ. ಕಾವಲುಗಾರನ ಎದುರೇ ಗುಂಡಿ ಸರಿಮಾಡಿಕೊಳ್ಳುವುದು ಹೇಗೋ ಏನೋ ಅನ್ನಿಸಿ, ಕೈಚೀಲವನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದ.

ಹುಡುಗಿ ಅಂದರೆ ಹುಡುಗಿಯೇನಲ್ಲ, ಮೂವತ್ತರ ಆಸುಪಾಸಿನ ಸಂಶೋಧಕಿ. ಕಾಗದದಲ್ಲಿ ಬರೆದದ್ದು ನಾಲ್ಕೇ ಸಾಲು. ತಾವು ಮೂವತ್ತೊಂದು ವರ್ಷದ ಹಿಂದೆ ವಿವರಿಸಿದ ಮೀನು ಅದೇ ಕಲ್ಲುಗಣಿಯಲ್ಲಿ ನಮಗೆ ಇಡಿಯಾಗಿ ಸಿಕ್ಕಿದೆ, ತಲೆಯಿಂದ ಬಾಲದವರೆಗೆ. ತಮ್ಮ ಮೂಲಕಲ್ಲಿನ ಜೊತೆ ಹೋಲಿಸಿ ನೋಡಬೇಕು. ದಯವಿಟ್ಟು ಅವಕಾಶ ಕೊಡಿ. ಆ 'ದಯವಿಟ್ಟು' ಓದಿದ ರಾತ್ರಿಯಿಂದ ಅವನಿಗೆ ಊಟ ರುಚಿಸಿಲ್ಲ. ಅವನಿಗೆ ಅಂದು ಸಿಕ್ಕಿದ್ದು ಅರ್ಧ ಮೀನು. ತಲೆ, ಹೆಗಲು, ಒಂದು ರೆಕ್ಕೆ. ಅಲ್ಲಿಗೆ ಕಲ್ಲು ಮುರಿದುಹೋಗಿತ್ತು. ಕೋಟ್ಯಂತರ ವರ್ಷ ಹಿಂದಿನ ಈ ಬಗೆಯ ಮೀನುಗಳಿಗೆಲ್ಲ ಕೆಳದವಡೆಯ ಎರಡು ಮೂಳೆಗಳ ನಡುವೆ, ಗಂಟಲನ್ನು ಕೆಳಗಿನಿಂದ ಮುಚ್ಚುವ ಹಾಗೆ, ಉಗುರಿನಷ್ಟು ತೆಳ್ಳನೆಯ ಒಂದು ಹಲಗೆಮೂಳೆ ಇರುತ್ತದೆ. ಅವನ ಮೀನಿಗೆ ಅದು ಇರಲಿಲ್ಲ. ಆ ಇಲ್ಲದಿರುವುದೇ ಅದರ ದೊಡ್ಡ ಗುರುತಾಗಿ, ಅದನ್ನು ಯಾವ ಹಳೆಯ ಕುಟುಂಬಕ್ಕೂ ಸೇರಿಸದೆ ಅವನು ಹೊಸದೇ ಒಂದು ಕುಟುಂಬ ಕಟ್ಟಿದ. ಪುಸ್ತಕಗಳಲ್ಲಿ ಆ ಮೀನಿನ ಹೆಸರಿನ ಪಕ್ಕ, ಹೆಸರಿಟ್ಟವರನ್ನು ನಮೂದಿಸುವ ಪದ್ಧತಿಯಂತೆ, ಅವನ ಹೆಸರು. ಮನೆಯ ಕುಟುಂಬವನ್ನು ನೆಟ್ಟಗೆ ನಡೆಸಲಾರದವನು ಮೀನಿಗೆ ಕುಟುಂಬ ಕಟ್ಟಿದ ಎಂದು ಆಗ ಮಾವ ಹಾಸ್ಯ ಮಾಡಿದ್ದರು. ಅವತ್ತು ಆ ಹಾಸ್ಯಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಕೋಣೆಯಲ್ಲಿ ಅವಳು ನಿಂತೇ ಇದ್ದಳು. ಮೈಕ್ರೋಸ್ಕೋಪಿನ ಮೇಜು, ಗೋಡೆಯುದ್ದಕ್ಕೂ ಚಪ್ಪಟೆ ಡ್ರಾಯರುಗಳು, ಕಿಟಕಿಯ ಬಳಿ ಸುಣ್ಣದ ಪುಡಿಯ ವಾಸನೆ. "ಸಾರ್, ನಿಮ್ಮ ಪೇಪರ್ ಓದೇ ನಾನು ಮೀನಿನ ಕಡೆ ಬಂದಿದ್ದು. ಇಲ್ದಿದ್ರೆ ಬ್ಯಾಂಕಲ್ಲಿ ಇರ್ತಿದ್ದೆ," ಎಂದಳು. ಇಂಥ ಮಾತಿಗೆ ಏನು ಹೇಳಬೇಕೆಂದು ಅವನಿಗೆ ಎಂದೂ ತಿಳಿದದ್ದಿಲ್ಲ. "ಬ್ಯಾಂಕೇ ವಾಸಿಯಿತ್ತು," ಎಂದ. ಅವಳು ನಕ್ಕಳು. ಫೋಟೋಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದಳು. ಬಾಲ ಎಷ್ಟು ಚೆಂದ! ಮೂವತ್ತೊಂದು ವರ್ಷ ಅವನು ಆ ಬಾಲವನ್ನು ಮನಸ್ಸಿನಲ್ಲಿ ಬೇರೆ ಬೇರೆ ತರಹ ಬರೆದು ಅಳಿಸಿದ್ದಾನೆ, ಒಂದೂ ಇದರ ಹತ್ತಿರಕ್ಕಿರಲಿಲ್ಲ. ಅರೆಗಳಿಗೆ ಬೇರೆಲ್ಲ ಮರೆತು ಬಾಲವನ್ನೇ ನೋಡಿದ. ಆಮೇಲೆ ಅವಳ ಬೆರಳು ಕೊನೆಯ ಫೋಟೋದ ಮೇಲೆ, ದವಡೆಯ ಕೆಳಗೆ ಬಂದು ನಿಂತಿತು.

"ಇದೆ," ಎಂದ ಅವನು, ಅವಳಿಗಿಂತ ಮೊದಲೇ.

"ಇದೆ ಸಾರ್." ಅವಳ ದನಿ ಆಸ್ಪತ್ರೆಯಲ್ಲಿ ಮಾತಾಡುವವರ ದನಿಯಂತಿತ್ತು. "ಹಲಗೆ ಇರೋದ್ರಿಂದ ಇದು ಹಳೇ ಕುಟುಂಬಕ್ಕೇ ಹೋಗುತ್ತೆ. ಆದ್ರೆ ನೀವೇನು ಮಾಡೋಕಾಗ್ತಿತ್ತು, ಹೇಳಿ? ನಿಮಗೆ ಸಿಕ್ಕಿದ್ದೇ ಅರ್ಧಂಬರ್ಧ ಕಲ್ಲು. ಅಷ್ಟರಲ್ಲಿ ಯಾರಾದ್ರೂ ತಪ್ಪೋವ್ರೇ."

ಅರ್ಧಂಬರ್ಧ ಕಲ್ಲು. ಆ ಮಾತನ್ನು ಅವನೇ ಎಷ್ಟು ಸಭೆಗಳಲ್ಲಿ, ಎಷ್ಟು ವಿನಯದಿಂದ ಹೇಳಿಕೊಂಡಿದ್ದ. ಈಗ ಇನ್ನೊಬ್ಬರ ಬಾಯಲ್ಲಿ ಕೇಳಿದರೆ ಕುಂಬಳಕಾಯಿ ಕಳ್ಳ ಎಂದವರೆದುರು ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ. ಕಲ್ಲು ಅರ್ಧವೇ, ನಿಜ. ಆದರೆ ಅವನು ಹೇಳಿದಷ್ಟು ಅರ್ಧವಾಗಿರಲಿಲ್ಲ ಅದು. ಅವನು ಡ್ರಾಯರಿನ ಬೀಗ ತೆಗೆದ. ಕಲ್ಲು ತನ್ನ ಪ್ಲಾಸ್ಟರಿನ ಅಚ್ಚಿನಲ್ಲಿ ಮಲಗಿತ್ತು, ಮಗು ತೊಟ್ಟಿಲಲ್ಲಿ ಮಲಗಿದಷ್ಟು ಸರಿಯಾಗಿ. ಸೂಜಿಯಣ್ಣ ಮಾಡಿದ ಅಚ್ಚು. ಕಲ್ಲು ಅಲುಗಾಡಿದರೆ ಮೂಳೆ ಸಿಡಿಯುತ್ತದೆಂದು ಪ್ರತಿ ಕಲ್ಲಿಗೂ ಅದರದ್ದೇ ಅಚ್ಚು ಹುಯ್ಯುತ್ತಿದ್ದ ಆಸಾಮಿ. ಒಂದೇ ದಿಕ್ಕಿಗೆ ಕೂರಬೇಕು, ತಿರುಗಿಸಿದರೆ ಒಳಗೆ ಹೋಗಕೂಡದು. ಮೂವತ್ತೊಂದು ವರ್ಷದಲ್ಲಿ ಅವನು ಎಷ್ಟೋ ಸಲ ಕಲ್ಲನ್ನು ಎತ್ತಿದ್ದ, ಅಚ್ಚನ್ನು ಎತ್ತಿರಲಿಲ್ಲ. ಎತ್ತಿದವಳು ಈ ಹುಡುಗಿ.

ಅಚ್ಚಿನ ಅಡಿಯಲ್ಲಿ ಮಾತ್ರೆ ಕಟ್ಟಿಕೊಡುವ ಕಾಗದದ ಸಣ್ಣ ಪೊಟ್ಟಣವಿತ್ತು. ಅಂಟುಪಟ್ಟಿ ಕಂದುಬಣ್ಣಕ್ಕೆ ತಿರುಗಿ ತಾನಾಗಿಯೇ ಬಿಟ್ಟುಕೊಂಡಿತು. ಒಳಗೆ ಕಪ್ಪು ಮಿನುಗಿನ ನಾಲ್ಕಾರು ಚೂರು, ಅಕ್ಕಿ ನುಚ್ಚಿನಷ್ಟು. ಜೊತೆಗೆ ಒಂದು ಚೀಟಿ. ಅವಳು ಗಟ್ಟಿಯಾಗಿ ಓದಿದಳು: "ಇದು ಗಂಟಲ ಹಲಗೆಯ ಚೂರು ಇರಬಹುದು. ಕೆಲಸ ಮಾಡುವಾಗ ನನ್ನ ಕೈ ಜಾರಿ ಹೋಯಿತು." ಕೆಳಗೆ ತಾರೀಕು, ಸಹಿಯ ಜಾಗದಲ್ಲಿ ಒಂದು ಸೊಟ್ಟ ಗೆರೆ. ಅವಳ ಮುಖ ಅರಳಿತು. "ಅಯ್ಯೋ ಸಾರ್, ಇತ್ತು! ನಿಮ್ಮ ಕಲ್ಲಲ್ಲೂ ಇತ್ತು! ಯಾರಿದು ಬರೆದಿರೋದು?"

"ಸೂಜಿಯಣ್ಣ. ನಮ್ಮಲ್ಲಿ ಕಲ್ಲು ಬಿಡಿಸ್ತಿದ್ರು. ಸೂಜಿ ಹಿಡ್ಕೊಂಡು ಮೂಳೆ ಮೇಲಿನ ಕಲ್ಲು ತೆಗೆಯೋ ಕೆಲಸ."

ಅವಳು ಆಗಲೇ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದ್ದಳು. ಬರೆದದ್ದನ್ನು ಅವನಿಗೇ ಓದಿ ಹೇಳಿದಳು, ಒಪ್ಪಿಗೆ ಕೇಳುವವಳ ಹಾಗೆ: ಮೂಲಕಲ್ಲಿನಲ್ಲಿಯೂ ಗಂಟಲ ಹಲಗೆ ಇತ್ತು, ಕಲ್ಲು ಬಿಡಿಸುವಾಗ ಕೆಲಸಗಾರರ ಅಜಾಗರೂಕತೆಯಿಂದ ನಾಶವಾಯಿತು, ಆದ್ದರಿಂದಲೇ ವರ್ಗೀಕರಣ ತಪ್ಪಿತು. "ನಿಮ್ಮ ತಪ್ಪಲ್ಲ ಅಂತ ಇನ್ನು ಎಲ್ರಿಗೂ ಗೊತ್ತಾಗುತ್ತೆ ಸಾರ್. ಅವರ ಪೂರ್ತಿ ಹೆಸರೇನು?"

"ಸೂಜಿಯಣ್ಣ."

"ಅದಲ್ಲ ಸಾರ್, ಹೆಸರು. ಪೇಪರಲ್ಲಿ ಸೂಜಿಯಣ್ಣ ಅಂತ ಹಾಕೋಕಾಗುತ್ತಾ?"

ಅವನು ಚೀಟಿಯ ಸೊಟ್ಟ ಗೆರೆಯನ್ನು ಬಗ್ಗಿ ನೋಡಿದ. ಐದು ವರ್ಷ ಒಂದೇ ಮೇಜಿನ ಆ ಕಡೆ ಈ ಕಡೆ ಕೂತವರು. ಮಗಳ ಆಟದ ಗಡಿಯಾರ ಕೆಟ್ಟರೆ ರಿಪೇರಿ ಮಾಡಿಕೊಟ್ಟವನು, ಹೆಂಡತಿಯ ಕನ್ನಡಕದ ಕೀಲು ಕೂರಿಸಿಕೊಟ್ಟವನು. ಅಳಿದುಹೋದ ಮುನ್ನೂರು ಮೀನುಗಳ ಹೆಸರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವವನಿಗೆ ಆ ಒಂದು ಹೆಸರು ಗೊತ್ತಿಲ್ಲ. "ಆಫೀಸಲ್ಲಿ ಕೇಳ್ಕೊಂಡು ಬರ್ತೀನಿ," ಎಂದು ಎದ್ದ. ಬಾಗಿಲ ಬಳಿ ಅವಳು ಮೆಲ್ಲಗೆ, "ಸಾರ್, ಗುಂಡಿ..." ಎಂದಳು.

ಆಫೀಸಿಗೆ ಹೋಗಬೇಕಾದರೆ ಪ್ರದರ್ಶನದ ಹಾಲನ್ನು ದಾಟಬೇಕು. ಎಲ್ಲಿಂದಲೋ ಬಂದ ಶಾಲೆಯ ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತಿದ್ದರು. ಗಾಜಿನ ಹಿಂದೆ ಬಣ್ಣ ಬಳಿದ ಪ್ಲಾಸ್ಟರ್ ಮೀನುಗಳು, ಸಾಲಾಗಿ, ಒಂದೊಂದಕ್ಕೂ ಸಾವಿರಾರು ಹುರುಪೆ, ಒಂದೊಂದು ಹುರುಪೆಯನ್ನೂ ಕೆತ್ತಿದ್ದು. ಕಲ್ಲಿನ ಕೆಲಸ ಹೋದ ಮೇಲೆ ಹತ್ತೊಂಬತ್ತು ವರ್ಷ ಸೂಜಿಯಣ್ಣ ಮಾಡಿದ್ದು ಇದನ್ನೇ. ಮೂವತ್ತೊಂದು ವರ್ಷದ ಹಿಂದಿನ ಆ ಮಧ್ಯಾಹ್ನ ಸೂಜಿಯಣ್ಣ ತನ್ನ ತಾಯಿಗೆ ಹುಷಾರಿಲ್ಲವೆಂದು ಮೂರು ದಿನ ರಜೆ ಹಾಕಿ ಹೊರಟಿದ್ದ, ಹೊರಡುವ ಮುಂಚೆ ಕೈಚೀಲ ಹೆಗಲಿಗೆ ಹಾಕಿಕೊಂಡೇ ಬಾಗಿಲಲ್ಲಿ ನಿಂತು, "ಸಾರ್, ದವಡೆ ಕೆಳಗೆ ಏನೋ ಇದೆ, ತೆಳ್ಳಗೆ. ಮುಟ್ಬೇಡಿ, ನಾನು ಬಂದು ನೋಡ್ತೀನಿ," ಎಂದ. ಮಣ್ಣು ಹೆಪ್ಪುಗಟ್ಟಿರ್ಬೇಕು ಬಿಡಿ ಎಂದರೆ, "ಇಲ್ಲ ಸಾರ್. ಮಣ್ಣಾದ್ರೆ ಸೂಜಿ ತಾಗಿದ್ರೆ ಸುಮ್ನೆ ಪುಡಿ ಆಗುತ್ತೆ. ಇದು ಕಿರ್ ಅಂತು." ಪ್ರಬಂಧ ಆಗಲೇ ಬರೆದಾಗಿತ್ತು. ಹಲಗೆ ಇಲ್ಲ ಎಂಬ ವಾಕ್ಯ ಮೊದಲ ಪುಟದಲ್ಲಿತ್ತು. ನಿರ್ದೇಶಕರು ಸಭೆಯಲ್ಲಿ ಹೊಸ ಕುಟುಂಬ ಎಂದು ಘೋಷಿಸಿ, ಬೆನ್ನು ತಟ್ಟಿ, ಫೋಟೋ ತೆಗೆಸಿ ಆಗಿತ್ತು. ಎರಡನೆಯ ದಿನ, ಊಟವಾದ ಮೇಲೆ, ಕೋಣೆಯಲ್ಲಿ ಯಾರೂ ಇಲ್ಲದಾಗ ಅವನು ಕುರ್ಚಿ ಎಳೆದುಕೊಂಡು ಕೂತ. ಮಣ್ಣೇ ಇರಬೇಕು ಎಂದುಕೊಂಡ. ಮಣ್ಣಾಗಿದ್ದರೆ ತೆಗೆದರೆ ತಪ್ಪೇನು? ಸೂಜಿ ತಾಗಿತು. ಕಿರ್ ಎಂದಿತು. ಕೇಳಿಸಿತು ಅವನಿಗೆ. ಕೇಳಿಸಲೇ ಇಲ್ಲವೆಂದು ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡು ಬಂದಿದ್ದಾನೆ, ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ. ಕೇಳಿಸಿತ್ತು, ಮತ್ತು ಕೇಳಿಸಿದ ಮೇಲೂ ಕೈ ನಿಲ್ಲಲಿಲ್ಲ. ಕೈಗೆ ಒಂದು ಖುಷಿ ಕೂಡ ಇತ್ತು, ಥೂ.

ಆ ಕೈ ಎಡಗೈ. ಚಿಕ್ಕವನಿದ್ದಾಗ ಸೋದರತ್ತೆ ಎಡಗೈಗೆ ಬಟ್ಟೆ ಸುತ್ತಿ ಕಟ್ಟಿ ಬಲಗೈಯಲ್ಲಿ ಬರೆಯುವುದನ್ನು, ಉಣ್ಣುವುದನ್ನು ಕಲಿಸಿದ್ದಳು. ಊರಿಗೆಲ್ಲ ಅವನು ಬಲಗೈಯವನೇ. ಮಗಳ ಕಾಲಿನ ಮುಳ್ಳು ತೆಗೆಯುವಂಥ, ದಾರ ಪೋಣಿಸುವಂಥ ನಾಜೂಕಿನ ಕೆಲಸಕ್ಕೆ, ಯಾರೂ ನೋಡುತ್ತಿಲ್ಲದಿದ್ದರೆ, ಎಡಗೈ ತಾನಾಗಿ ಮುಂದೆ ಬರುತ್ತದೆ. ರಜೆ ಮುಗಿಸಿ ಬಂದ ಸೂಜಿಯಣ್ಣ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವನು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ತಲೆಯೆತ್ತದೆ ಕೇಳಿದ್ದ, "ಸಾರ್, ನೀವು ಎಡಚರಾ?" "ಇಲ್ವಲ್ಲ, ಬಲಗೈಲೇ ಬರೀತೀನಲ್ಲ, ನೋಡಿಲ್ವಾ?" "ಹೌದೌದು. ಸುಮ್ನೆ ಕೇಳ್ದೆ." ಅಷ್ಟೇ. ತಾಯಿ ಹೇಗಿದ್ದಾರೆ ಎಂದು ಅವನೂ ಕೇಳಲಿಲ್ಲ. ಆಕೆ ಆ ಮೂರು ದಿನದಲ್ಲೇ ತೀರಿಕೊಂಡಿದ್ದಳೆಂದು ತಿಳಿದದ್ದು ತಿಂಗಳ ಮೇಲೆ, ಬೇರೆ ಯಾರಿಂದಲೋ. ಎಂಟು ತಿಂಗಳಾದ ಮೇಲೆ ಹೊರಗಿನಿಂದ ಬಂದ ದೊಡ್ಡ ಪಂಡಿತರೊಬ್ಬರು ಕಲ್ಲು ನೋಡುತ್ತ, "ಇಲ್ಲೇನು, ದವಡೆ ಕೆಳಗೆ ಕೆರೆದ ಹಾಗಿದೆಯಲ್ಲ?" ಎಂದರು. ಕೋಣೆಯಲ್ಲಿ ನಿರ್ದೇಶಕರು ಸೇರಿ ಐದು ಜನ. ಅವನ ನಾಲಿಗೆ ತಾನಾಗಿಯೇ ಹೇಳಿತು, "ಬಿಡಿಸೋವಾಗ ನಮ್ಮವರ ಕೈ ಸ್ವಲ್ಪ ಜಾರ್ತು." ಸೂಜಿಯಣ್ಣ ಬಾಗಿಲ ಬಳಿ ಕಲ್ಲಿನ ತಟ್ಟೆ ಹಿಡಿದು ನಿಂತಿದ್ದ. ತಟ್ಟೆ ಅಲುಗಲಿಲ್ಲ. "ಹೌದು ಸಾರ್, ಜಾರ್ತು," ಎಂದ. ಮಾರನೆಯ ದಿನದಿಂದ ಅವನಿಗೆ ಕಲ್ಲು ಕೊಡಕೂಡದೆಂದು ಆದೇಶವಾಯಿತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಕೆಸರು ಒಬ್ಬನದು, ಮೊಸರು ಇನ್ನೊಬ್ಬನದು. ಯಾಕೆ ಹಾಗೆ ಒಪ್ಪಿಕೊಂಡನೋ ಮಹಾರಾಯ. ಹೆದರಿಕೊಂಡನೋ, ಮರುಕಪಟ್ಟನೋ, ಇಂಥವನ ಹತ್ತಿರ ಮಾತೇನು ಎಂದು ಬಿಟ್ಟನೋ. ಕೇಳಬಹುದಿತ್ತು. ಹತ್ತೊಂಬತ್ತು ವರ್ಷ ಕೆಳಗಿನ ಮಹಡಿಯಲ್ಲೇ ಇದ್ದ. ಅವನನ್ನು ತಪ್ಪಿಸಲು ಹಿಂಭಾಗದ ಮೆಟ್ಟಿಲಿನಿಂದ ಓಡಾಡಿದ್ದಷ್ಟೇ ಬಂತು.

ಆಫೀಸಿನಲ್ಲಿ ಕಡತಗಳ ನಡುವೆ ಕೂತಿದ್ದ ಗುಮಾಸ್ತೆ, ಎಲ್ಲರೂ ಕಡತದಕ್ಕ ಅನ್ನುವವಳು, ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. "ಸೂಜಿಯಣ್ಣಂದಾ? ಅವ್ರು ಹೋಗಿ ನಾಲ್ಕು ವರ್ಷ ಆಯ್ತಲ್ಲ ಸಾರ್. ಮಣ್ಣಿಗೆ ನಾವೆಲ್ಲ ಹೋಗಿದ್ವಿ. ನೀವು ಬಂದಿರ್ಲಿಲ್ಲ ಅವತ್ತು."

"ನಾನು ಊರಲ್ಲಿರ್ಲಿಲ್ಲ."

"ಇದ್ರಿ ಸಾರ್," ಎಂದಳು ಅವಳು, ಕಹಿಯಿಲ್ಲದೆ, ತಾರೀಕು ತಿದ್ದುವವಳ ಹಾಗೆ. "ಮೇಲೆ ಲೈಟ್ ಉರೀತಿತ್ತು. ಈಗ್ಯಾಕೆ ಬೇಕಾಯ್ತು ಹೆಸರು?"

"ಒಂದು ಪೇಪರಲ್ಲಿ ಬರೀಬೇಕು."

"ಪೇಪರಲ್ಲಾ!" ಅವಳ ಮುಖದ ಬಿಗು ಸಡಿಲವಾಯಿತು. "ಅಯ್ಯೋ ಪಾಪ, ಬರೀರಿ ಸಾರ್, ಬರೀರಿ. ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರೋ. ಒಂದಿನವಾದ್ರೂ ಯಾರಾದ್ರೂ ಹೆಸರು ಹಾಕಿದ್ರಾ?" ಕಡತ ತೆಗೆಯದೆಯೇ ಅವಳು ಹೆಸರು ಹೇಳಿದಳು, ಅಪ್ಪನ ಹೆಸರಿನ ಸಮೇತ. ಎಲ್ಲ ಊರಲ್ಲೂ ಇಬ್ಬರು ಮೂವರಿಗೆ ಇರುವಂಥ ಹೆಸರು. ಮರೆತುಹೋದರೆ ಎಂದು ಹೆದರಿ ಅವನು ಅದನ್ನು ಬಾಯಲ್ಲೇ ಅನ್ನುತ್ತ ಹಾಲನ್ನು ದಾಟಿದ, ಅಂಗಡಿಗೆ ಕಳಿಸಿದ ಮಗು ಸಾಮಾನಿನ ಹೆಸರು ಹೇಳಿಕೊಂಡು ಹೋಗುವಂತೆ. ಈ ಹೆಸರು ಮೊದಲ ಸಲ ಅಚ್ಚಿನಲ್ಲಿ ಬರುವುದು ಯಾವುದರ ಪಕ್ಕ? ಅಜಾಗರೂಕತೆಯ ಪಕ್ಕ. ಕಡತದಕ್ಕ ಆ ಪುಟವನ್ನು ತರಿಸಿಕೊಂಡು ಓದಿಯೇ ಓದುತ್ತಾಳೆ. ಪ್ಲಾಸ್ಟರ್ ಮೀನಿನೆದುರು ಒಬ್ಬಳು ಪುಟ್ಟ ಹುಡುಗಿ, "ಮಿಸ್, ಇದು ನಿಜವಾದ್ದಾ?" ಎಂದು ಕೇಳುತ್ತಿದ್ದಳು.

ಅವನು ಕೋಣೆಗೆ ಬಂದವನು ಕೂರಲಿಲ್ಲ. "ನೋಡಮ್ಮ, ಸೂಜಿಯಣ್ಣ ಹೋಗಿ ನಾಲ್ಕು ವರ್ಷ ಆಯ್ತು. ಕೈ ಜಾರಿದ್ದಲ್ಲ ಅದು. ಕೆರೆದಿದ್ದು. ಕೆರೆದವನು ನಾನು," ಎಂದ. ಹೇಳಿಬಿಟ್ಟಿದ್ದ. ಮೂವತ್ತೊಂದು ವರ್ಷದ ಮಾತು ಆಡಿ ಮುಗಿಸಲು ಬಸ್ಸಿನ ಟಿಕೆಟ್ ಕೇಳುವಷ್ಟು ಹೊತ್ತೂ ಹಿಡಿಯಲಿಲ್ಲ. ಹುಡುಗಿ ಪೆನ್ನು ಕೆಳಗಿಟ್ಟಳು. ಚೀಟಿಯ ಕಡೆ ನೋಡಿದಳು, ಅವನ ಕಡೆ ನೋಡಿದಳು, ಕಣ್ಣು ತುಂಬಿಕೊಂಡಳು.

"ನಿಮ್ಮದು ದೊಡ್ಡ ಮನಸ್ಸು ಸಾರ್."

"ಇಲ್ಲ ಇಲ್ಲ, ನಿಜ ಹೇಳ್ತಿದೀನಿ."

"ಅವರೇ ಕೈಯಾರೆ ಬರೆದಿಟ್ಟಿದಾರಲ್ಲ ಸಾರ್. ತೀರಿಹೋದವ್ರ ಮೇಲೆ ತಪ್ಪು ಬರಬಾರ್ದು ಅಂತ ನೀವು ಮೈಮೇಲೆ ಹಾಕ್ಕೊಳ್ತಿದೀರಿ. ನಮ್ಮ ಗೈಡ್ ಆಗಿದ್ರೆ ಸ್ಟೂಡೆಂಟ್ ತಲೆಗೆ ಕಟ್ಟಿರೋರು." ಅವಳು ಮೂಗು ಒರೆಸಿಕೊಂಡು ನಕ್ಕಳು. "ಬೇಕಾದ್ರೆ ಅಜಾಗರೂಕತೆ ಅನ್ನೋ ಪದ ತೆಗೀತೀನಿ. ಆಕಸ್ಮಿಕವಾಗಿ ಅಂತ ಹಾಕ್ತೀನಿ. ಆಯ್ತಾ?"

ಅವನಿಗೆ ಹಾಯೆನಿಸಿತು. ನಾಚಿಕೆಗೆಟ್ಟ ಹಾಯಿ, ಬಿಗಿಯಾದ ಚಪ್ಪಲಿ ಕಳಚಿದ ಹಾಗೆ ಅಂಗಾಲಿನಿಂದ ಮೇಲಕ್ಕೆ ಹರಡಿತು. ಹೇಳಿದ್ದಾಯಿತಲ್ಲ. ನಂಬದಿದ್ದರೆ ಅವನೇನು ಮಾಡಲಿ? ಆಕಸ್ಮಿಕವಾಗಿ ಎನ್ನುವುದು ಒಳ್ಳೆಯ ಪದ. ಯಾರ ಮನಸ್ಸೂ ನೋಯುವುದಿಲ್ಲ. ಇನ್ನು ಇಬ್ಬರೂ ಟೀ ಕುಡಿಯಬಹುದು, ಬಾಲದ ವಿಷಯ ಮಾತಾಡಬಹುದು, ಸಂಜೆ ಮರೆಯದೆ ಮಾರ್ಕೆಟ್ಟಿಗೆ ಹೋಗಬಹುದು. ಸೂಜಿಯಣ್ಣನೇ ಬರೆದಿಟ್ಟು ಹೋಗಿದ್ದಾನೆ, ಅವನಿಗಿಲ್ಲದ ಕಷ್ಟ ಇವನಿಗೇಕೆ? ಆದರೆ ಚೀಟಿಯಲ್ಲಿ ಬರೆದದ್ದು ಕಲ್ಲಿನಲ್ಲಿ ಬರೆದದ್ದನ್ನು ಅಳಿಸುವುದಿಲ್ಲ. ಅದು ಸೂಜಿಯಣ್ಣನಿಗೂ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದ. ಸಾರ್, ನೀವು ಎಡಚರಾ. ಅವತ್ತು ಹೌದು ಎಂದಿದ್ದರೆ ಮುಗಿದಿತ್ತು. ಇಬ್ಬರೇ ಇದ್ದರು ಕೋಣೆಯಲ್ಲಿ. ಬಹುಶಃ ಬೈದು, ಎರಡು ದಿನ ಮಾತುಬಿಟ್ಟು, ಚೂರುಗಳನ್ನು ಜೋಡಿಸಲು ಕೂರುತ್ತಿದ್ದ. ಅಷ್ಟೇ ಕೇಳಿದ್ದು ಅವನು.

"ಇಲ್ಲಿ ಬಾಮ್ಮ," ಎಂದ. ಕಲ್ಲನ್ನು ಅಚ್ಚಿನ ಸಮೇತ ಮೈಕ್ರೋಸ್ಕೋಪಿನ ಕೆಳಗೆ, ಅಚ್ಚು ಒಂದೇ ದಿಕ್ಕಿಗೆ ಕೂರುವ ಚೌಕಟ್ಟಿನಲ್ಲಿಟ್ಟು ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟ. "ಮೊದಲು ರೆಕ್ಕೆ ಹತ್ತಿರ ನೋಡು. ಸಣ್ಣ ಸಣ್ಣ ಗೀರಿದೆ. ಅದು ಸೂಜಿಯಣ್ಣನ ಸೂಜಿ. ಯಾವ ಕಡೆ ವಾಲಿದೆ?"

"ಬಲಕ್ಕೆ ಸಾರ್. ಎಲ್ಲಾ ಬಲಕ್ಕೇ."

"ಬಲಗೈಯವರದ್ದು ಹಾಗೇ ಬೀಳೋದು. ಈಗ ದವಡೆ ಕೆಳಗೆ."

ಅವಳು ಚಕ್ರ ತಿರುಗಿಸಿದಳು. ಹೊರಗೆ ಮಕ್ಕಳ ಗದ್ದಲ ಮೆಟ್ಟಿಲಿಳಿದು ಹೋಯಿತು. "ಇವು ಎಡಕ್ಕಿವೆ," ಎಂದಳು. ಆಮೇಲೆ ತನ್ನ ವಿದ್ಯೆಗೆ ತಕ್ಕ ಪ್ರಶ್ನೆ ಕೇಳಿದಳು: "ಕಲ್ಲನ್ನ ತಿರುಗಿಸಿ ಇಟ್ಕೊಂಡು ಮಾಡಿರಬಹುದಲ್ಲ?"

"ತಿರುಗಿಸಿ ಕೂರಿಸಿ ನೋಡು."

ಅವಳು ಕಲ್ಲನ್ನು ಎತ್ತಿ ತಿರುಗಿಸಿ ಅಚ್ಚಿನಲ್ಲಿಡಲು ನೋಡಿದಳು. ಕೂರಲಿಲ್ಲ. ಇನ್ನೊಂದು ಮಗ್ಗುಲಿಗೂ ನೋಡಿದಳು. ಕೂರಲಿಲ್ಲ. ಮತ್ತೆ ಮೊದಲಿನ ಹಾಗೆ ಇಟ್ಟಾಗ ಟಕ್ ಎಂದು ಸರಿಯಾಗಿ ಕೂತಿತು. ಅವನು ಮೇಜಿನ ಡಬ್ಬಿಯಿಂದ ಹಳೆಯ ಸೂಜಿಯೊಂದನ್ನು ತೆಗೆದುಕೊಂಡ. ಬಲಗೈ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಎಡಗೈಯಲ್ಲಿ ಸೂಜಿ ಹಿಡಿದು ಮಸೂರದ ಕೆಳಗೆ ತಂದು ದವಡೆಯ ಕೆಳಗಿನ ಒಂದು ಗೀರಿನ ಮೇಲೆ, ಮುಟ್ಟಿಸದೆ, ಹಿಡಿದ. ಸೂಜಿಯ ವಾಲು ಗೀರಿನ ವಾಲು ಒಂದೇ. ಎರಡನೆಯದರ ಮೇಲೆ ಹಿಡಿದ. ಮೂರನೆಯದರ ಮೇಲೆ. ಅರವತ್ತಕ್ಕೆ ಬಂದ ಕೈ ಸ್ವಲ್ಪವೂ ನಡುಗಲಿಲ್ಲ, ನಡುಗಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಅವಳು ಮಸೂರದಿಂದ ಕಣ್ಣು ತೆಗೆದು ಆ ಕೈಯನ್ನೇ ನೋಡುತ್ತ ಕೂತಳು.

"ಕೇಳಿಸಿರ್ಲಿಲ್ವಾ?" ಎಂದಳು ಕೊನೆಗೆ. ಮೂಳೆಗೆ ಸೂಜಿ ತಾಗಿದಾಗ ಹೇಗನ್ನುತ್ತದೆಂದು ಅವಳಿಗೂ ಗೊತ್ತಿತ್ತು.

"ಕೇಳಿಸಿತ್ತು."

ಅವಳು ನೋಟ್‌ಬುಕ್ಕು ಎಳೆದುಕೊಂಡು ಬರೆದಿದ್ದ ವಾಕ್ಯವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಅವಸರವಿಲ್ಲದೆ, ಒಂದೇ ಗೆರೆ. "ನಡೆದದ್ದನ್ನ ನಡೆದ ಹಾಗೇ ಬರೀಬೇಕಾಗುತ್ತೆ," ಎಂದಳು. ಆ ಮಾತಿನ ಕೊನೆಗೆ ಸಾರ್ ಇರಲಿಲ್ಲ. ಅವನು ಬರೀರಿ ಎಂದ. ಏಕವಚನ ತಾನಾಗಿಯೇ ಬಿಟ್ಟುಹೋಗಿತ್ತು. ಗಂಟಲ ಹಲಗೆಯನ್ನು ಮೊದಲು ಕಂಡವರು ಎಂದು ಅವನು ಹೇಳಿಸಿ ಬರೆಸಿದ, ಅದರ ಮುಂದೆ ಸೂಜಿಯಣ್ಣನ ಹೆಸರು ಹೇಳಿದ. ಅವಳಿಗೆ ಸರಿಯಾಗಿ ಕೇಳಿಸದೆ ಇನ್ನೊಮ್ಮೆ ಕೇಳಿದಳು. ಅವನು ಇನ್ನೊಮ್ಮೆ, ಬಿಡಿಸಿ, ಅಪ್ಪನ ಹೆಸರಿನ ಸಮೇತ ಹೇಳಿದ. ಅವಳು ಅಕ್ಷರ ಅಕ್ಷರ ನೋಡಿಕೊಂಡು ಬರೆದಳು. ಕೆಳಗಿನ ಸಾಲಿನಲ್ಲಿ, ಅದನ್ನು ಕೆರೆದು ತೆಗೆದವರು ಎಂದು ಬರೆದು, ಅದರ ಮುಂದೆ ಅವನ ಹೆಸರು ಬರೆಯತೊಡಗಿದಳು. ಅದನ್ನು ಅವಳು ಕೇಳಬೇಕಾಗಲಿಲ್ಲ. ಕಾಲೇಜಿನ ದಿನದಿಂದ ಆ ಮೀನಿನ ಹೆಸರಿನ ಪಕ್ಕ ಅದನ್ನು ಓದಿಕೊಂಡೇ ಬಂದವಳು.